ನೆಲದೊಳಗಿನ ಗುಡಾಣಗಳು

ಜಾರ್ಜಿಯಾದ ಹಳ್ಳಿಮನೆಯ ಮರಾನಿಗೆ, ಅಂದರೆ ವೈನ್ ಮಾಡಿ ಇಡುವ ಜಾಗಕ್ಕೆ, ಹೋದವರಿಗೆ ಮೊದಲು ಕಾಣುವುದು ಬರಿಯ ನೆಲ. ಮರದ ಪೀಪಾಯಿಗಳಿಲ್ಲ, ಸಾಲಾಗಿ ಜೋಡಿಸಿದ ಸೀಸೆಗಳಿಲ್ಲ. ಸ್ವಲ್ಪ ಹೊತ್ತಾದ ಮೇಲೆ ನೆಲದ ಮಟ್ಟಕ್ಕೇ ಅಲ್ಲಲ್ಲಿ ಕೂರಿಸಿದ ಮುಚ್ಚಳಗಳೂ ಅವುಗಳ ಅಂಚಿಗೆ ಮೆತ್ತಿದ ಜೇಡಿಮಣ್ಣೂ ಕಣ್ಣಿಗೆ ಬೀಳುತ್ತವೆ. ಆ ಮನೆಯವರು ವರ್ಷವಿಡೀ ಕುಡಿಯುವ ವೈನ್ ಅಲ್ಲಿ, ಕಾಲಡಿಯಲ್ಲಿ, ಹೂತಿಟ್ಟ ಗುಡಾಣಗಳಲ್ಲಿದೆ. ಗುಡಾಣಕ್ಕೆ ಅವರು ಕ್ವೆವ್ರಿ ಎನ್ನುತ್ತಾರೆ. ದೇಶದ ಪಶ್ಚಿಮ ಭಾಗದಲ್ಲಿ ಚೂರಿ ಎಂಬ ಹೆಸರೂ ಇದೆ. ಪೂರ್ವದ ಕಖೇತಿ ಪ್ರಾಂತದಲ್ಲಿ ಮರಾನಿ ಎಂದರೆ ಸೂರುಳ್ಳ ಕೋಣೆ. ಪಶ್ಚಿಮದ ಇಮೆರೆತಿಯ ಕಡೆ ಮನೆಯ ಪಕ್ಕ, ಮರದ ನೆರಳಿನಲ್ಲಿ, ಬಯಲಿನಲ್ಲೇ ಹೂತಿಡುವುದೂ ಉಂಟು.

ವೈನನ್ನು ಮನೆಯಲ್ಲಿ ಕಾಯ್ದಿಟ್ಟುಕೊಳ್ಳುವ ಬಗೆಗಳಲ್ಲಿ ಇಷ್ಟು ಸರಳವಾದದ್ದು, ಇಷ್ಟು ಆಳವಾಗಿ ಯೋಚಿಸಿದ್ದು ಇನ್ನೊಂದಿಲ್ಲ ಎಂದೇ ನಾನು ನಂಬಿದ್ದೇನೆ. ವೈನಿಗೆ ಕೇಡು ಬರುವುದು ಮುಖ್ಯವಾಗಿ ಮೂರು ದಾರಿಯಲ್ಲಿ: ಏರಿಳಿಯುವ ಬಿಸಿ, ಬೆಳಕು, ಗಾಳಿ. ಮೊದಲ ಎರಡನ್ನೂ ಮಣ್ಣೇ ತಡೆಯುತ್ತದೆ. ಕೆಲವು ಅಡಿ ಆಳಕ್ಕೆ ಹೋದರೆ ಹಗಲಿನ ಸುಡುಬಿಸಿಲಾಗಲಿ ರಾತ್ರಿಯ ಹಿಮವಾಗಲಿ ತಟ್ಟುವುದಿಲ್ಲ. ಋತುಗಳ ವ್ಯತ್ಯಾಸವೂ ಅಲ್ಲಿಗೆ ಬಹಳ ನಿಧಾನವಾಗಿ, ಬಲ ಕಳೆದುಕೊಂಡು ಮುಟ್ಟುತ್ತದೆ. ನಮ್ಮ ಬಯಲುಸೀಮೆಯ ರೈತರು ರಾಗಿ, ಜೋಳಗಳನ್ನು ಹಗೇವಿಗೆ ಸುರಿದು ಬಾಯಿ ಮುಚ್ಚಿ ವರ್ಷಗಟ್ಟಲೆ ಕಾಪಾಡಿಕೊಂಡದ್ದು ನೆಲದ ಇಂಥ ಗುಣವನ್ನು ನಂಬಿಯೇ. ಕಾಳಿಗಿಂತ ದ್ರವದ ವಿಷಯದಲ್ಲಿ ಇನ್ನೊಂದು ಲಾಭವಿದೆ. ತುಂಬಿದ ದೊಡ್ಡ ಮಣ್ಣಿನ ಪಾತ್ರೆ ಒಳಗಿನ ಭಾರಕ್ಕೆ ಬಿರಿಯದಂತೆ ಸುತ್ತಲ ಮಣ್ಣು ಅದನ್ನು ಎಲ್ಲ ಕಡೆಯಿಂದಲೂ ಒತ್ತಿ ಹಿಡಿದಿರುತ್ತದೆ. ಗ್ರೀಕರ, ರೋಮನ್ನರ ಆಂಫೊರಾಗಳು ಹಡಗಿನಲ್ಲಿ ಸಾಗಿಸುವುದಕ್ಕೆಂದು ಹಿಡಿ ಇಟ್ಟು ಮಾಡಿದವು. ಕ್ವೆವ್ರಿಗೆ ಹಿಡಿ ಬೇಕಿಲ್ಲ. ಒಮ್ಮೆ ಹೂತರೆ ಅದು ಮನೆಯ ಅಡಿಪಾಯದಷ್ಟೇ ಸ್ಥಿರ.

ಮೊಟ್ಟೆಯಾಕಾರದ ಈ ಗುಡಾಣವನ್ನು ಕುಂಬಾರ ತಿಗರಿಯ ಮೇಲೆ ತಿರುಗಿಸಿ ಮಾಡುವುದಿಲ್ಲ. ಕಖೇತಿಯ ವರ್ದಿಸುಬಾನಿ, ಇಮೆರೆತಿಯ ಶ್ರೋಶಾದಂಥ ಊರುಗಳಲ್ಲಿ ಜೇಡಿಮಣ್ಣನ್ನು ದಪ್ಪ ಸುರುಳಿ ಹೊಸೆದು, ಸುತ್ತಿನ ಮೇಲೆ ಸುತ್ತು ಕೂರಿಸಿ, ಕೈಯಿಂದಲೇ ಏರಿಸುತ್ತಾರೆ. ಕೆಳಗಿನ ಸುತ್ತು ಆರಿ ಗಟ್ಟಿಯಾಗುವ ತನಕ ಮೇಲಿನದು ಇಡುವಂತಿಲ್ಲ. ಆಳೆತ್ತರವನ್ನೂ ಮೀರುವ ಗುಡಾಣವೊಂದು ನಿಲ್ಲುವುದಕ್ಕೆ ವಾರಗಳೇ ಹಿಡಿಯುತ್ತವೆ. ಆಮೇಲೆ ಒಣಗಬೇಕು, ಆವಿಗೆಯಲ್ಲಿ ದಿನಗಟ್ಟಲೆ ಬೇಯಬೇಕು. ಹೊರಬಂದ ಗುಡಾಣ ಇನ್ನೂ ಬಿಸಿಯಾಗಿರುವಾಗ ಒಳಮೈಗೆ ಜೇನುಮೇಣ ಸವರುತ್ತಾರೆ. ಕಾದ ಮಣ್ಣು ಮೇಣವನ್ನು ಹೀರಿಕೊಳ್ಳುತ್ತದೆ, ಸಣ್ಣ ರಂಧ್ರಗಳು ತುಂಬುತ್ತವೆ. ಹೂಳುವ ಮುನ್ನ ಹೊರಮೈಗೆ ಸುಣ್ಣದ ಗಾರೆಯ ಲೇಪ.

ದ್ರಾಕ್ಷಿ ಸುಗ್ಗಿ ಬರುವುದು ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ. ಮರದ ದಿಮ್ಮಿಯನ್ನು ದೋಣಿಯಂತೆ ಕೊರೆದ ತೊಟ್ಟಿಯಲ್ಲಿ ಹಣ್ಣನ್ನು ಕಾಲಿನಿಂದ ತುಳಿಯುವುದು ಹಳೆಯ ಪದ್ಧತಿ. ಕಖೇತಿಯವರು ರಸದ ಜೊತೆಗೆ ಸಿಪ್ಪೆ, ಬೀಜ, ತೊಟ್ಟುಗಳನ್ನೂ ಗುಡಾಣಕ್ಕೆ ಹಾಕುತ್ತಾರೆ. ಈ ಗಸಿಗೆ ಚಾಚಾ ಎಂದು ಹೆಸರು. ಹುದುಗುವಾಗ ಮೇಲೆ ತೇಲಿಬರುವ ಸಿಪ್ಪೆಯನ್ನು ದಿನಕ್ಕೆ ಹಲವು ಸಲ ಕೋಲಿನಿಂದ ಒಳಗೆ ತಳ್ಳಬೇಕು. ಕುದಿತ ಅಡಗಿದಂತೆ ಚಾಚಾ ತಳಕ್ಕಿಳಿಯುತ್ತದೆ. ಕ್ವೆವ್ರಿಯ ಆಕಾರದ ಜಾಣ್ಮೆ ಆಗ ಗೊತ್ತಾಗುತ್ತದೆ: ಬೀಜಗಳು ಚೂಪಾದ ತಳಕ್ಕೆ ಜಾರಿ ಒಂದೆಡೆ ಒತ್ತೊತ್ತಾಗಿ ಕೂರುತ್ತವೆ, ಅವುಗಳ ಒಗರು ಮೇಲಿನ ವೈನಿಗೆ ಹೆಚ್ಚಾಗಿ ಇಳಿಯುವುದಿಲ್ಲ. ರ್ಕಾತ್ಸಿತೆಲಿಯಂಥ ಬಿಳಿ ದ್ರಾಕ್ಷಿ ಐದಾರು ತಿಂಗಳು ಸಿಪ್ಪೆಯೊಡನೆ ಇದ್ದು ಜೇನಿನ ಬಣ್ಣಕ್ಕೆ ತಿರುಗುತ್ತದೆ.

ಗಾಳಿಯನ್ನು ತಡೆಯುವ ಕೆಲಸ ಮಾತ್ರ ಮಣ್ಣಿನದಲ್ಲ, ಮನುಷ್ಯನದು. ಹುದುಗುವಷ್ಟು ದಿನ ವೈನೇ ಉಸಿರಾಡಿ ಇಂಗಾಲದ ಡೈಆಕ್ಸೈಡನ್ನು ಬಿಡುತ್ತಿರುತ್ತದೆ. ಅದೇ ಅದಕ್ಕೆ ಹೊದಿಕೆ. ಹುದುಗು ನಿಂತ ಮೇಲೆ ಆ ಹೊದಿಕೆ ಇಲ್ಲ. ಬಾಯಿಯ ಕೆಳಗೆ ಖಾಲಿ ಜಾಗ ಉಳಿದರೆ ಅಲ್ಲಿ ಹುಳಿಕಣಗಳು ಬೆಳೆದು ವೈನ್ ವಿನೆಗರ್ ಆಗುತ್ತದೆ. ಆದ್ದರಿಂದ ಬೇರೆ ಪಾತ್ರೆಯಿಂದ ವೈನ್ ಸುರಿದು ಕಂಠಮಟ್ಟ ತುಂಬಿಸಿ, ಕಲ್ಲಿನ ಇಲ್ಲವೇ ಮರದ ಮುಚ್ಚಳ ಇಟ್ಟು, ಅಂಚಿಗೆ ಹಸಿ ಜೇಡಿಮಣ್ಣು ಮೆತ್ತುತ್ತಾರೆ. ಜೇಡಿ ಒಣಗಿ ಬಿರುಕು ಬಿಡದಂತೆ ಆಗಾಗ ತೇವ ಮಾಡಬೇಕು. ಚಳಿಗಾಲವಿಡೀ ಮರಾನಿಯ ಯಜಮಾನನಿಗೆ ಇದೊಂದು ಜವಾಬ್ದಾರಿ. ವಸಂತದಲ್ಲಿ ತೆರೆದು, ತಿಳಿಯನ್ನು ತೊಳೆದಿಟ್ಟ ಇನ್ನೊಂದು ಕ್ವೆವ್ರಿಗೆ ವರ್ಗಾಯಿಸಿ ಮತ್ತೆ ಮುಚ್ಚುತ್ತಾರೆ. ತಳದ ಚಾಚಾವನ್ನು ಭಟ್ಟಿಗೆ ಹಾಕಿ ಸಾರಾಯಿ ತೆಗೆಯುತ್ತಾರೆ. ಅದರ ಹೆಸರೂ ಚಾಚಾ.

ಈ ಕಸುಬಿನಲ್ಲಿ ನನಗೆ ಅತಿ ಗೌರವ ಹುಟ್ಟಿಸುವುದು ತೊಳೆಯುವ ಕೆಲಸ. ನೆಲದಲ್ಲಿ ಹೂತ ಗುಡಾಣವನ್ನು ಎತ್ತಿ ಬೋರಲು ಹಾಕುವ ಹಾಗಿಲ್ಲ. ದೊಡ್ಡದಾದರೆ ಆಳೇ ಒಳಗಿಳಿದು ಉಜ್ಜಬೇಕು. ಚಿಕ್ಕದಕ್ಕೆ ಚೆರ್ರಿ ಮರದ ತೊಗಟೆಯ ಪದರಗಳನ್ನು ಉದ್ದ ಕೋಲಿನ ತುದಿಗೆ ಕಟ್ಟಿದ ಉಜ್ಜುಗೋಲು ಇದೆ. ಒರಟಾಗಿದ್ದೂ ಅದು ಮೇಣವನ್ನು ಕೆರೆದು ಹಾಕುವುದಿಲ್ಲ. ಸುಣ್ಣದ ನೀರು, ಬಿಸಿನೀರು, ತಣ್ಣೀರು ಎಂದು ಸಲಸಲಕ್ಕೂ ಹೊಯ್ದು, ಉಜ್ಜಿ, ಮೊಗೆದು ಚೆಲ್ಲಿ, ಕೊನೆಗೆ ಗಂಧಕದ ಹೊಗೆ ಹಾಕುತ್ತಾರೆ. ಮೂಲೆಯಲ್ಲಿ ಉಳಿದ ಒಂದಿಷ್ಟು ಹಳೆಯ ಗಸಿ ಮುಂದಿನ ವರ್ಷದ ಫಸಲನ್ನೆಲ್ಲ ಕೆಡಿಸಬಲ್ಲದು. ಕೆಲಸ ಮುಗಿದಾಗ ಹೊರಗಿನವರ ಕಣ್ಣಿಗೆ ಏನೂ ಕಾಣದು, ಆದರೂ ಅದನ್ನು ಅರೆಬರೆ ಮಾಡುವುದಿಲ್ಲ.

ಜಾರ್ಜಿಯಾದ ಗದಾಚ್ರಿಲಿ ಗೋರಾದಲ್ಲಿ ಸಿಕ್ಕ ಮಡಕೆ ಚೂರುಗಳಲ್ಲಿ ಸುಮಾರು 8,000 ವರ್ಷ ಹಿಂದಿನ ವೈನಿನ ಕುರುಹುಗಳಿವೆ ಎಂದು ಸಂಶೋಧಕರು 2017ರಲ್ಲಿ ಪ್ರಕಟಿಸಿದರು. ಕ್ವೆವ್ರಿ ವಿಧಾನ 2013ರಲ್ಲೇ ಯುನೆಸ್ಕೊ ಪಟ್ಟಿಗೆ ಸೇರಿತ್ತು. ಆದರೆ ಸೋವಿಯತ್ ಕಾಲದಲ್ಲಿ ದೊಡ್ಡ ಕಾರ್ಖಾನೆಗಳು ಬೇರೆ ದಾರಿ ಹಿಡಿದಾಗ ಈ ವಿದ್ಯೆಯನ್ನು ಉಳಿಸಿದವರು ಮನೆಮಟ್ಟಿಗೆ ವೈನ್ ಮಾಡಿಕೊಳ್ಳುತ್ತಿದ್ದ ಹಳ್ಳಿಗರು. ಆ ಶ್ರೇಯ ಅವರಿಗೇ ಸಲ್ಲಬೇಕು.

ಮನೆಯಲ್ಲಿ ಒಂದೇ ದೊಡ್ಡ ಗುಡಾಣವಿದ್ದರೆ ಸಾಲದು, ಚಿಕ್ಕವೂ ಹಲವು ಬೇಕು. ಹಬ್ಬದೂಟಕ್ಕೆಂದು ಮುಚ್ಚಳ ತೆಗೆದು, ಉದ್ದ ಹಿಡಿ ಕಟ್ಟಿದ ಸೋರೆಬುರುಡೆಯಿಂದ ಮೊಗೆಯಲು ಶುರುಮಾಡಿದರೆ ಗಾಳಿ ಒಳಹೊಕ್ಕಂತೆಯೇ. ಕುಡಿದು ಮುಗಿಸಬೇಕು, ಇಲ್ಲವೇ ಉಳಿದದ್ದನ್ನು ತಡಮಾಡದೆ ಅದರ ಅಳತೆಗೆ ಒಪ್ಪುವ ಸಣ್ಣ ಕ್ವೆವ್ರಿಗೆ ಕಂಠಮಟ್ಟ ತುಂಬಬೇಕು. ದೇವರ ಕಾರ್ಯಕ್ಕೆಂದು ತೆಗೆದಿರಿಸಿದ ಜೆದಾಶೆ ಎಂಬ ವೈನಿಗೆ ಬೇರೆಯದೇ ಗುಡಾಣ. ಅತಿಥಿ ಎಷ್ಟೇ ದೊಡ್ಡವನಾಗಿರಲಿ, ಅದರ ಮುಚ್ಚಳವನ್ನು ಅವನಿಗಾಗಿ ತೆಗೆಯುವ ವಾಡಿಕೆಯಿಲ್ಲ.