ಸುಟ್ಟ ಮನೆಯೇ ತಾಪಮಾಪಕ

ಮನೆಗೋ ಅಂಗಡಿಗೋ ಬೆಂಕಿ ಬಿದ್ದು ಆರಿದ ಮರುದಿನ ಮೊದಲು ಕರೆ ಹೋಗುವುದು ಗೌಂಡಿಗೆ, ಇಲ್ಲವೇ ಬಣ್ಣದವನಿಗೆ. ಕರಿಹಿಡಿದ ಗೋಡೆಯನ್ನು ದಿನವೂ ನೋಡುವ ಸಂಕಟ ಯಾರಿಗೂ ಬೇಡ. ಗಿಲಾವು ಮಾಡಿಸಿ ಸುಣ್ಣ ಹೊಡೆಸಿದರೆ ಮುಗಿಯಿತು ಅನ್ನಿಸುತ್ತದೆ. ಆದರೆ ಎಲ್ಲಿ ಎಷ್ಟು ಕಾವು ಏರಿತ್ತು ಎಂಬ ಲೆಕ್ಕವನ್ನು ಬೆಂಕಿ ಆ ಗೋಡೆಯ ಮೇಲೆಯೇ ಬರೆದಿಟ್ಟು ಹೋಗಿರುತ್ತದೆ. ಓದುವ ಮೊದಲೇ ಅದನ್ನು ಅಳಿಸಬಾರದು.

ಈ ಮಾತು ಸುಣ್ಣದ ಭಟ್ಟಿ ಬಲ್ಲ ತಾಂಡೂರಿನವರಿಗೆ ಬೇಗ ತಿಳಿದೀತು. ಈಗ ತೆಲಂಗಾಣದಲ್ಲಿರುವ ತಾಂಡೂರು 1956ರವರೆಗೆ ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ಗಡಿ ಬದಲಾದರೂ ಕಲ್ಲು ಬದಲಾಗಲಿಲ್ಲ. ಶಹಾಬಾದ್, ಸೇಡಂ, ತಾಂಡೂರು ಎಲ್ಲ ಕಡೆ ನೆಲದಡಿ ಇರುವುದು ಒಂದೇ ಸುಣ್ಣಕಲ್ಲು. ಅದು ಪರಸಿಯಾಗಿ ಮನೆಯ ನೆಲಕ್ಕೂ ಮಾಳಿಗೆಗೂ ಬರುತ್ತದೆ, ಕಾರ್ಖಾನೆಗೆ ಹೋದರೆ ಸಿಮೆಂಟ್ ಆಗುತ್ತದೆ. ಸುಣ್ಣದ ಭಟ್ಟಿಯಲ್ಲಿ ಕಾವು ಸುಮಾರು 900 ಡಿಗ್ರಿ ಸೆಲ್ಸಿಯಸ್ ತಲುಪಿದಾಗ ಕಲ್ಲು ತನ್ನೊಳಗಿನ ಇಂಗಾಲದ ಡೈಆಕ್ಸೈಡ್ ಬಿಟ್ಟುಕೊಟ್ಟು ಸುಟ್ಟ ಸುಣ್ಣವಾಗುತ್ತದೆ. ಶುದ್ಧ ಕಲ್ಲಾದರೆ ನೂರು ಕಿಲೋಗೆ ಉಳಿಯುವುದು 56 ಕಿಲೋ. ಮುಚ್ಚಿದ ಕೋಣೆಯಲ್ಲಿ ಬಟ್ಟೆ, ಮರ, ಫೋಮ್ ಹಾಸಿಗೆ ಹೊತ್ತಿಕೊಂಡರೆ ಅರ್ಧ ಗಂಟೆಯೊಳಗೆ ಕಾವು 800 ಡಿಗ್ರಿ ದಾಟಬಲ್ಲದು. ಆಗ ಕೋಣೆಯೇ ಭಟ್ಟಿ.

ಹಾಗಾಗಿ ಮೊದಲು ಕಸ ಎತ್ತದೆ ಸುಮ್ಮನೆ ನೋಡಬೇಕು. ಪ್ಲಾಸ್ಟಿಕ್ ಬಕೆಟ್ ಕರಗಿದ್ದರೆ ಅಲ್ಲಿ 130 ಡಿಗ್ರಿಯಷ್ಟು ಕಾವು ಬಂದಿತ್ತು, ಅಷ್ಟೇ. ಅಲ್ಯೂಮಿನಿಯಂ ಪಾತ್ರೆ ಕರಗಿ ಹರಿದಿದ್ದರೆ 660ರ ಆಸುಪಾಸು. ತಾಮ್ರದ ತಂತಿ ಕರಗಿ ಗುಂಡಾಗಿದ್ದರೆ 1085. ಶಾರ್ಟ್ ಸರ್ಕಿಟ್ಟಿನ ಕಿಡಿಯೂ ಹೀಗೆ ಮಾಡುವುದರಿಂದ ತಂತಿಯೊಂದನ್ನೇ ನಂಬುವಂತಿಲ್ಲ.

ಮುಂದಿನ ಸಾಕ್ಷಿ ಕಾಂಕ್ರೀಟು. 300 ಡಿಗ್ರಿ ದಾಟಿದರೆ ಜಲ್ಲಿ, ಮರಳಿನಲ್ಲಿರುವ ಕಬ್ಬಿಣದ ಅಂಶ ಬಣ್ಣ ತಿರುಗಿ ಕಾಂಕ್ರೀಟ್ ನಸುಗೆಂಪಾಗುತ್ತದೆ. 600ರ ಮೇಲೆ ಬೂದಿಬಿಳುಪು. ಎಲ್ಲ ಜಲ್ಲಿಯಲ್ಲೂ ಇದು ಎದ್ದು ಕಾಣದು. ಕಂಡರೆ ಉಳಿಯಿಂದ ಕೆತ್ತಿ ಕೆಂಪು ಎಷ್ಟು ಆಳಕ್ಕೆ ಇಳಿದಿದೆ ಎಂದು ಅಳೆಯಬೇಕು. ಕಾಂಕ್ರೀಟಿನೊಳಗೆ ಕಾವು ನಿಧಾನವಾಗಿ ಇಳಿಯುವುದರಿಂದ ಮೇಲ್ಮೈ ಹಾಳಾಗಿದ್ದರೂ ಒಳಗಿನ ಸರಳು ಎಷ್ಟೋ ಸಲ ಉಳಿದಿರುತ್ತದೆ.

ಕಬ್ಬಿಣಕ್ಕೆ ಗಂಡಾಂತರದ ಅಂಕಿ 550ರಿಂದ 600. ಆ ಕಾವಿನಲ್ಲಿ ಅದರ ಅರ್ಧ ಬಲ ಹೋಗುತ್ತದೆ. ತಣ್ಣಗಾದ ಮೇಲೆ ಸಾದಾ ಸರಳಿಗೆ ಬಹುಪಾಲು ಬಲ ಮರಳುತ್ತದೆ. ಹಳೆಯ ಮನೆಗಳ ತಿರುಚಿದ ಸರಳಿಗೆ ಪೂರ್ತಿ ಮರಳದು. ಗರ್ಡರ್ ಮೇಲೆ ಪರಸಿ ಹಾಸಿದ ಮಾಳಿಗೆಯಲ್ಲಿ ಅಪಾಯ ಹೆಚ್ಚು, ಏಕೆಂದರೆ ಅಲ್ಲಿ ಕಬ್ಬಿಣಕ್ಕೆ ಯಾವ ಹೊದಿಕೆಯೂ ಇಲ್ಲ. ನಾಲ್ಕು ಮೀಟರಿನ ಗರ್ಡರಿಗೆ 500 ಡಿಗ್ರಿ ಕಾವೇರಿದರೆ ಅದು 24 ಮಿಲಿಮೀಟರ್ ಉದ್ದವಾಗಿ ಎರಡೂ ಕಡೆಯ ಗೋಡೆಯನ್ನು ಒತ್ತುತ್ತದೆ. ಪದರಗಲ್ಲಾದ ಪರಸಿ ಕಾದಾಗ, ಅದರ ಮೇಲೆ ತಟ್ಟನೆ ನೀರು ಬಿದ್ದಾಗ ಸೀಳುತ್ತದೆ, ಪದರ ಏಳುತ್ತದೆ.

ಕಣ್ಣಿಗೆ ಕಾಣದ್ದನ್ನು ತಿಳಿಯಲು ಎಂಜಿನಿಯರ್ ಕೈಯಲ್ಲಿ ಒಂದು ಪುಟ್ಟ ಯಂತ್ರವಿದೆ: ಷ್ಮಿಟ್ ಸುತ್ತಿಗೆ. ಸಂತೆಯಲ್ಲಿ ಮಡಕೆಯನ್ನು ಬೆರಳಿನಿಂದ ತಟ್ಟಿ ಕೊಳ್ಳುತ್ತೇವಲ್ಲ, ಇದೂ ಅದೇ ಜಾತಿಯ ಪರೀಕ್ಷೆ. ಕೊಳವೆಯೊಳಗಿನ ಸ್ಪ್ರಿಂಗು ಉಕ್ಕಿನ ತುಂಡೊಂದನ್ನು ಗೋಡೆಯತ್ತ ಚಿಮ್ಮಿಸುತ್ತದೆ. ಗೋಡೆ ಗಟ್ಟಿಯಿದ್ದಷ್ಟೂ ಅದು ಹೆಚ್ಚು ಹಿಂಪುಟಿಯುತ್ತದೆ, ಆ ಪುಟಿತವನ್ನು ಅಳತೆಪಟ್ಟಿ ತೋರಿಸುತ್ತದೆ. ಇದು ಮೇಲ್ಮೈಯ ಸುದ್ದಿ. ಒಳಗಿನ ಸುದ್ದಿಗೆ ಶ್ರವಣಾತೀತ ಧ್ವನಿ ಬೇಕು: ಒಳ್ಳೆಯ ಕಾಂಕ್ರೀಟಿನಲ್ಲಿ ಅದು ಸೆಕೆಂಡಿಗೆ ಸುಮಾರು ನಾಲ್ಕು ಕಿಲೋಮೀಟರ್ ಓಡುತ್ತದೆ, ಬಿರುಕು ಸಿಕ್ಕಲ್ಲಿ ತಡವಾಗುತ್ತದೆ. ಬೆಂಕಿ ತಾಗದ ಕೋಣೆಯ ಅಂಕಿಯೊಂದಿಗೆ ಸುಟ್ಟ ಕೋಣೆಯ ಅಂಕಿ ಹೋಲಿಸಿದರೆ ನಷ್ಟ ತಿಳಿಯುತ್ತದೆ. ಸತ್ತ ಕಾಂಕ್ರೀಟ್ ಕೆತ್ತಿ ತೆಗೆದು, ಬೇಕಾದಲ್ಲಿ ಹೊಸ ಸರಳು ಜೋಡಿಸಿ, ಮತ್ತೆ ಕಾಂಕ್ರೀಟ್ ತುಂಬುವುದೇ ನಿಜವಾದ ರಿಪೇರಿ.

ಬೆಂಕಿ ಆರಿದ ಮೇಲೂ ಎರಡು ಕೇಡು ಮುಂದುವರಿಯುತ್ತವೆ. ಸುಟ್ಟು ಸುಣ್ಣವಾದ ಭಾಗ ಗಾಳಿಯ ತೇವ ಕುಡಿದು ಉಬ್ಬುತ್ತದೆ, ಹೊಸ ಗಿಲಾವು ಕೆಲ ದಿನಗಳಲ್ಲೇ ಉದುರುತ್ತದೆ. ಪಿವಿಸಿ ವೈರು, ಪೈಪು ಸುಟ್ಟ ಹೊಗೆ ತೇವದೊಂದಿಗೆ ಹೈಡ್ರೊಕ್ಲೋರಿಕ್ ಆಮ್ಲವಾಗಿ ಫ್ರಿಜ್ಜು, ಮೋಟಾರು, ಸ್ವಿಚ್ಚುಗಳನ್ನು ತಿನ್ನುತ್ತದೆ. ಹೊರಗೆ ಚೆನ್ನಾಗಿ ಕಂಡರೂ ಪರೀಕ್ಷೆಯಾಗದೆ ಕರೆಂಟ್ ಹಾಕಬಾರದು. ಮಸಿಯಲ್ಲಿ ಜಿಡ್ಡಿದೆ; ಒದ್ದೆ ಬಟ್ಟೆಯಿಂದ ಉಜ್ಜಿದರೆ ಗೋಡೆಯೊಳಕ್ಕೆ ಇಳಿಯುತ್ತದೆ. ಮೂಗು, ಬಾಯಿಗೆ ಒಳ್ಳೆಯ ಮಾಸ್ಕ್ ಕಟ್ಟಿ, ಮೊದಲು ಒಣಗಿದ್ದಂತೆಯೇ ತೆಗೆದು ಆಮೇಲೆ ಸೋಪಿನ ನೀರು ಬಳಸಬೇಕು.

ಎಲ್ಲವೂ ರಿಪೇರಿಗೆ ದಕ್ಕುವುದಿಲ್ಲ. 2023ರ ಜನವರಿ 19ರಂದು ಸಿಕಂದರಾಬಾದಿನ ಮಿನಿಸ್ಟರ್ ರಸ್ತೆಯ ಬಹುಮಹಡಿ ವಾಣಿಜ್ಯ ಕಟ್ಟಡಕ್ಕೆ ಬೆಂಕಿ ಬಿದ್ದು ಗಂಟೆಗಟ್ಟಲೆ ಉರಿಯಿತು. ಕೊನೆಗೆ ಅದನ್ನು ಕೆಡವಲೇಬೇಕಾಯಿತು. ಕೆಡವಬೇಕೋ ಉಳಿಸಬಹುದೋ ಎಂಬ ತೀರ್ಮಾನ ಗೋಡೆಯನ್ನು ಓದಿದ ಮೇಲಿನದು. ಆದ್ದರಿಂದ ಮೊದಲು ಫೋಟೊ, ಆಮೇಲೆ ಎಂಜಿನಿಯರ್, ಅದಾದ ಮೇಲೆ ಗೌಂಡಿ. ಸುಣ್ಣದ ಡಬ್ಬಿ ಎಲ್ಲಕ್ಕಿಂತ ಕೊನೆಗೆ ಬರಲಿ.