ಮನೆಯ ಹಾಡು-ಚಿತ್ರಗಳಿಗೊಂದು ಸೂಚೀಪತ್ರ

ಮಳವಳ್ಳಿಯ ಮದುವೆಮನೆಯೊಂದರಲ್ಲಿ ನಮ್ಮ ಸೋದರತ್ತೆಯವರು ಹಾಡಿದ ಸೋಬಾನೆ ಪದಗಳನ್ನು ನಾವು ಧ್ವನಿಮುದ್ರಿಸಿಕೊಂಡಿದ್ದೆವು. ಅವರು ತೀರಿಕೊಂಡ ಮೇಲೆ, ಮದ್ದೂರಿನ ನಮ್ಮ ಮನೆಯ ಮೀಡಿಯಾ ಸರ್ವರಿನಲ್ಲಿ ಅವುಗಳನ್ನು ಹುಡುಕಿದರೆ ದೊರೆತುದು 'ಆಡಿಯೊ 47', 'ಆಡಿಯೊ 48' ಎಂಬ ಹೆಸರುಗಳು ಮಾತ್ರ!

ಕಡತದಲ್ಲಿ ಧ್ವನಿಯೂ ಚಿತ್ರವೂ ಅಂಕಿಗಳ ರೂಪದಲ್ಲಿರುವುವಷ್ಟೆ. ಅವು ಯಾರವು, ಎಂದಿನವು ಎಂಬುದನ್ನು ತಿಳಿಸುವ ವಿವರಕ್ಕೆ ಮೆಟಾಡೇಟಾ ಎಂದು ಹೆಸರು. ಪುಸ್ತಕಭಂಡಾರಕ್ಕೆ ಸೂಚೀಪತ್ರವಿದ್ದಂತೆ ಇದು.

ಚಲನಚಿತ್ರಗಳ ವಿಷಯದಲ್ಲಿ ಕೆಲಸ ಸುಲಭ. ಜೆಲ್ಲಿಫಿನ್, ಕೋಡಿ ಮುಂತಾದ ತಂತ್ರಾಂಶಗಳು ಕಡತದ ಹೆಸರನ್ನೂ ವರ್ಷವನ್ನೂ ಓದಿ, ಅಂತರ್ಜಾಲದ ಸೂಚಿಗಳಿಂದ ಉಳಿದ ವಿವರಗಳನ್ನು ತಂದುಕೊಳ್ಳುತ್ತವೆ. ಆದರೂ ಎಚ್ಚರ ಬೇಕು. 'ಸತ್ಯ ಹರಿಶ್ಚಂದ್ರ' ಎಂಬ ಚಿತ್ರ 1965ರಲ್ಲಿ ಕನ್ನಡದಲ್ಲಿಯೂ ಬಂದಿತು, ತೆಲುಗಿನಲ್ಲಿಯೂ ಬಂದಿತು. ಅಲ್ಲಿ ರಾಜ್‌ಕುಮಾರರು, ಇಲ್ಲಿ ಎನ್. ಟಿ. ರಾಮರಾಯರು. ಹೆಸರು, ವರ್ಷ ಎರಡೂ ಒಂದೇ ಆದಾಗ ಯಂತ್ರ ತಪ್ಪಬಹುದು. ಸೂಚಿಯಲ್ಲಿ ಪ್ರತಿಯೊಂದು ಚಿತ್ರಕ್ಕೂ ಬೇರೆ ಬೇರೆ ಕ್ರಮಸಂಖ್ಯೆ ಇರುತ್ತದೆ. ಅದನ್ನು ಕಡತದ ಹೆಸರಿಗೆ ಸೇರಿಸಿದರೆ ಗೊಂದಲವಿಲ್ಲ.

ಅತ್ತೆಯವರ ಹಾಡಾದರೋ ಜಗತ್ತಿನ ಯಾವ ಸೂಚಿಯಲ್ಲಿಯೂ ಇಲ್ಲ. ಕಡತದ ದಿನಾಂಕವನ್ನು ನೋಡೋಣವೆಂದರೆ, ನಕಲು ಮಾಡುವಾಗ ಅದು ಬದಲಾಗಬಹುದು. ಕೊನೆಗೆ ಮಂಡ್ಯದಲ್ಲಿರುವ ದೊಡ್ಡಪ್ಪನವರಿಗೆ ಎರಡನ್ನೂ ಕೇಳಿಸಿದೆವು. ಮೊದಲನೆಯದು ತಂಗಿಯ ಧ್ವನಿಯೆಂದು ಒಡನೆಯೇ ಗುರುತಿಸಿದರು. ಎರಡನೆಯದು ಯಾರದೆಂದು ಅವರಿಗೂ ತಿಳಿಯಲಿಲ್ಲ.

ಆದುದರಿಂದ ಹಾಡಿದವರು, ಊರು, ವರ್ಷ, ಸಂದರ್ಭ ಇವಿಷ್ಟನ್ನು ಕಡತದೊಳಗಿನ ಟ್ಯಾಗಿನಲ್ಲಿಯೇ ಬರೆದಿಡಬೇಕು. ಆಗ ತಂತ್ರಾಂಶ ಬದಲಾದರೂ ವಿವರವು ಹಾಡಿನೊಡನೆಯೇ ಉಳಿಯುತ್ತದೆ. ಚಿತ್ರಗಳ ವಿವರವನ್ನು ನಾಳೆಯೂ ತರಬಹುದು. ಮನೆಯ ಹಾಡಿನ ವಿವರವನ್ನು ಬಲ್ಲವರಿರುವಾಗಲೇ ಕೇಳಿ ಬರೆದುಕೊಳ್ಳಬೇಕು.