ದಾರಿ ತೋರುವವರನ್ನು ನಂಬುವುದೆಂತು?

ಭೂಕಂಪದಲ್ಲಿ ದೂರವಾಣಿ ಗೋಪುರಗಳು ಉರುಳಿದಾಗ, ರಕ್ಷಣಾ ತಂಡದವರ ನಿಸ್ತಂತು ಉಪಕರಣಗಳೇ ಪರಸ್ಪರ ಅಂಚೆಯಾಳುಗಳಾಗಿ ಸಂದೇಶವನ್ನು ದಾಟಿಸಬಲ್ಲವು. ಈ ಸಂಚಾರಿ ಜಾಲಕ್ಕೆ ಕೇಂದ್ರ ಕಚೇರಿಯಿಲ್ಲ. ನೆರೆಯ ಉಪಕರಣದ ಮಾತೇ ಪ್ರಮಾಣ.

ಅಪಾಯವಿರುವುದೂ ಅಲ್ಲಿಯೇ. 2003ರಲ್ಲಿ ಪ್ರಕಟವಾದ ‘ಎ.ಓ.ಡಿ.ವಿ.’ ನಿಯಮಾವಳಿಯಂತೆ, ಹಾದಿ ಬೇಕಾದ ಉಪಕರಣವು ಸುತ್ತಲೂ ವಿಚಾರಿಸಿ, ಅತಿ ಹೊಸ ಕ್ರಮಾಂಕವುಳ್ಳ ಉತ್ತರವನ್ನು ಆರಿಸುತ್ತದೆ. ಕ್ರಮಾಂಕ ಸಮವಿದ್ದರೆ ಕಡಿಮೆ ಹಂತಗಳ ಹಾದಿಯನ್ನು ಹಿಡಿಯುತ್ತದೆ. ವಂಚಕ ಉಪಕರಣವೊಂದು ಸುಳ್ಳು ಕ್ರಮಾಂಕ ನೀಡಿ, ಬಂದ ಸಂದೇಶಗಳನ್ನೆಲ್ಲ ನುಂಗಿಬಿಡಬಹುದು. ಇದೇ ‘ಕಪ್ಪುಕುಳಿ’ ದಾಳಿ. ಗಾಯಾಳುವಿಗೆ ರಕ್ತ ಬೇಡಿದ ಕರೆ ಆಗ ವೈದ್ಯರನ್ನು ತಲಪುವುದೇ ಇಲ್ಲ.

ಚೆಕ್ಕಿನ ಸಹಿಯನ್ನು ಮಾದರಿ ಸಹಿಯೊಡನೆ ಹೋಲಿಸಿದ ಬಳಿಕವೇ ಹಣ ಕೊಡುವುದಷ್ಟೆ? ಅದರಂತೆ ‘ಎಸ್.ಎ.ಓ.ಡಿ.ವಿ.’ ವಿಧಾನದಲ್ಲಿ ಉತ್ತರದ ಬದಲಾಗದ ಅಂಶಗಳಿಗೆ ಡಿಜಿಟಲ್ ಸಹಿಯಿರುತ್ತದೆ. ಹಂತಗಳ ಎಣಿಕೆ ಮಾತ್ರ ದಾರಿಯುದ್ದಕ್ಕೂ ಏರುವುದರಿಂದ, ಮುಂದಕ್ಕೆ ಸುಲಭವಾಗಿ ಲೆಕ್ಕ ಹಾಕಬಹುದಾದ, ಹಿಂದಕ್ಕೆ ಬಿಡಿಸಲಾಗದ ‘ಹ್ಯಾಶ್’ ಸರಪಣಿ ಅದನ್ನು ಕಾಯುತ್ತದೆ. ಎಣಿಕೆಯನ್ನು ತಗ್ಗಿಸಿದರೆ ಮೋಸ ಬಯಲಾಗುತ್ತದೆ.

ಆದರೆ ಸಹಿ ಸರಿಯಿದ್ದ ಮಾತ್ರಕ್ಕೆ ನಡತೆ ಸರಿಯೆನ್ನಲಾಗದು. 2000ದಲ್ಲಿ ಸ್ಟ್ಯಾನ್‌ಫರ್ಡ್ ಸಂಶೋಧಕರು ‘ಕಾವಲುನಾಯಿ’ ಉಪಾಯವನ್ನು ಸೂಚಿಸಿದರು: ಸಂದೇಶ ಕೊಟ್ಟ ಉಪಕರಣವು, ಪಡೆದುದು ಅದನ್ನು ಮುಂದಕ್ಕೆ ಕಳುಹಿಸಿತೇ ಎಂದು ಕಿವಿಗೊಟ್ಟು ಆಲಿಸುತ್ತದೆ. ಯಜಮಾನನಿಲ್ಲದ ಜಾಲದಲ್ಲಿ ಗುರುತಿನ ಪರೀಕ್ಷೆಯೊಡನೆ ನಡತೆಯ ಪರೀಕ್ಷೆಯೂ ನಡೆಯುತ್ತಿರಬೇಕು.